ನೆರೆಯ ಗೆಲಾಕ್ಸಿಯ ಎಳೆಯ ನಕ್ಷತ್ರಗಳ ಸುತ್ತಲಿನ ಹಿಮ: ಅವಕೆಂಪು ಅಧ್ಯಯನಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ ಮತ್ತು ವಿಶ್ಲೇಷಣೆ

1. ಪೀಠಿಕೆ

2025ರ ಅಕ್ಟೋಬರ್ ತಿಂಗಳಿನಲ್ಲಿ ಖಗೋಳ ವಿಜ್ಞಾನ ಕ್ಷೇತ್ರದ ಒಂದು ಮಹತ್ವದ ಸಂಶೋಧನಾ ಪ್ರಬಂಧವು ಪ್ರಕಟವಾಗಿರುತ್ತದೆ. ನಮ್ಮ ಕ್ಷೀರಪಥಕ್ಕೆ ನೆರೆಯಲ್ಲಿರುವ ದೊಡ್ಡ ಮೆಗೆಲ್ಲಾನಿಕ್ ಮೋಡ ಎಂಬ ಚಿಕ್ಕ ಗೆಲಾಕ್ಸಿಯಲ್ಲಿ, ಇನ್ನೂ ರೂಪುಗೊಳ್ಳುತ್ತಿರುವ ಒಂದು ನಕ್ಷತ್ರದ ಸುತ್ತಲಿನ ಹಿಮದಲ್ಲಿ, ಇಂಗಾಲವನ್ನು ಒಳಗೊಂಡ ಐದು ಬಗೆಯ ಸಂಕೀರ್ಣ ಅಣುಗಳು ಇರುವುದನ್ನು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ನೆರವಿನಿಂದ ಗುರುತಿಸಲಾಗಿದೆ. ಮ್ಯಾರಿಲ್ಯಾಂಡ್ ವಿಶ್ವವಿದ್ಯಾಲಯ ಹಾಗೂ ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಕಾರ್ಯನಿರ್ವಹಿಸುವ ವಿಜ್ಞಾನಿ ಮಾರ್ತಾ ಸೆವಿವೊ ಅವರ ನೇತೃತ್ವದ ತಂಡವು ಈ ಅಧ್ಯಯನವನ್ನು ಕೈಗೊಂಡಿರುತ್ತದೆ.

ಇಂತಹ ಸುದ್ದಿಯನ್ನು ಓದಿದಾಗ "ಬೇರೆ ಗೆಲಾಕ್ಸಿಯಲ್ಲಿ ಜೀವ ಪತ್ತೆಯಾಯಿತು" ಎಂಬ ಭಾವನೆ ಮೂಡುವ ಸಂಭವವಿದೆ. ವಾಸ್ತವದಲ್ಲಿ ಹಾಗೆ ಆಗಿರುವುದಿಲ್ಲ. ಆದರೆ ಪತ್ತೆಯಾಗಿರುವುದು ಅಲ್ಪ ವಿಷಯವೂ ಅಲ್ಲ. ಈ ಫಲಿತಾಂಶದ ಬೆಲೆಯನ್ನು ಸರಿಯಾಗಿ ತಿಳಿಯಬೇಕಾದರೆ, 2005ರಿಂದ ಇಲ್ಲಿಯವರೆಗೆ ಇದೇ ವಿಷಯದ ಮೇಲೆ ನಡೆದಿರುವ ಅಳತೆಗಳನ್ನೂ, ಆ ಅಳತೆಗಳ ಅರ್ಥದ ಬಗ್ಗೆ ವಿಜ್ಞಾನಿಗಳಲ್ಲಿ ಇರುವ ಭಿನ್ನಾಭಿಪ್ರಾಯವನ್ನೂ ಒಟ್ಟಿಗೆ ಪರಿಶೀಲಿಸುವುದು ಅವಶ್ಯಕ. ವಿಜ್ಞಾನದ ಹಿನ್ನೆಲೆ ಇಲ್ಲದ ನಾಗರಿಕರಿಗೂ ತಿಳಿಯುವಂತೆ ಈ ವಿವರಗಳನ್ನು ಕೆಳಗೆ ನೀಡಲಾಗಿದೆ.

2. ದೊಡ್ಡ ಮೆಗೆಲ್ಲಾನಿಕ್ ಮೋಡ: ಸಂಕ್ಷಿಪ್ತ ಪರಿಚಯ

ಹೆಸರಿನಲ್ಲಿ ಮೋಡ ಎಂದಿದ್ದರೂ ಇದು ಮೋಡವಲ್ಲ. ಕೋಟ್ಯಂತರ ನಕ್ಷತ್ರಗಳಿರುವ ಒಂದು ಗೆಲಾಕ್ಸಿ. ಇದು ಭೂಮಿಯಿಂದ ಸುಮಾರು 1,60,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅಂದರೆ ಇಂದು ದೂರದರ್ಶಕವನ್ನು ತಲುಪುತ್ತಿರುವ ಬೆಳಕು ಅಲ್ಲಿಂದ ಸುಮಾರು 1,60,000 ವರ್ಷಗಳ ಹಿಂದೆ ಹೊರಟದ್ದಾಗಿರುತ್ತದೆ. ಇದರ ಜೊತೆಗಾರನಾದ ಸಣ್ಣ ಮೆಗೆಲ್ಲಾನಿಕ್ ಮೋಡವು ಸುಮಾರು 2,00,000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ದಕ್ಷಿಣ ಗೋಳಾರ್ಧದ ಜನರಿಗೆ ಇವೆರಡೂ ಬರಿಗಣ್ಣಿಗೆ ಮಸುಕು ಬಿಳುಪಿನ ತೇಪೆಗಳಂತೆ ಕಾಣುತ್ತವೆ. 1519ರಲ್ಲಿ ಆರಂಭವಾದ ಭೂಪ್ರದಕ್ಷಿಣೆಯ ನಾಯಕ ಮೆಗೆಲನ್ ಅವರ ಹೆಸರಿನಿಂದ ಇವುಗಳನ್ನು ಇಂದು ಕರೆಯಲಾಗುತ್ತಿದೆ.

ಈ ಗೆಲಾಕ್ಸಿಯನ್ನು ವಿಜ್ಞಾನಿಗಳು ವಿಶೇಷವಾಗಿ ಆಯ್ಕೆ ಮಾಡಿಕೊಳ್ಳಲು ಕಾರಣಗಳು ಈ ಕೆಳಕಂಡಂತಿವೆ.

ಅ) ಹೀಲಿಯಂಗಿಂತ ಭಾರವಾದ ಮೂಲಧಾತುಗಳು, ಅಂದರೆ ಇಂಗಾಲ, ಆಮ್ಲಜನಕ, ಸಿಲಿಕಾನ್, ಕಬ್ಬಿಣ ಮುಂತಾದವು, ಇಲ್ಲಿ ಸೂರ್ಯನ ನೆರೆಹೊರೆಯಲ್ಲಿರುವ ಪ್ರಮಾಣದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಇವೆ. ಸಣ್ಣ ಮೆಗೆಲ್ಲಾನಿಕ್ ಮೋಡದಲ್ಲಿ ಈ ಪ್ರಮಾಣ ಸುಮಾರು ಐದನೇ ಒಂದು ಭಾಗ.

ಆ) ಭಾರ ಧಾತುಗಳು ಕಡಿಮೆಯಾದ್ದರಿಂದ ಧೂಳೂ ಕಡಿಮೆ. ಧೂಳು ಕಡಿಮೆಯಾದ್ದರಿಂದ ನಕ್ಷತ್ರಗಳ ಪ್ರಖರವಾದ ಅತಿನೇರಳೆ ಕಿರಣಗಳಿಗೆ ತಡೆಯೂ ಕಡಿಮೆ.

ಇ) ಸುಮಾರು 1,000 ಕೋಟಿ ವರ್ಷಗಳ ಹಿಂದೆ, ವಿಶ್ವದಲ್ಲಿ ನಕ್ಷತ್ರಗಳು ಅತ್ಯಂತ ವೇಗವಾಗಿ ಹುಟ್ಟುತ್ತಿದ್ದ ಕಾಲದಲ್ಲಿ, ಅನೇಕ ಗೆಲಾಕ್ಸಿಗಳ ಸ್ಥಿತಿ ಇದೇ ರೀತಿ ಇತ್ತೆಂದು ಭಾವಿಸಲಾಗಿದೆ.

ಆ ಪ್ರಾಚೀನ ಗೆಲಾಕ್ಸಿಗಳಲ್ಲಿ ಒಂದೊಂದೇ ಎಳೆಯ ನಕ್ಷತ್ರದ ಸುತ್ತಲಿನ ಹಿಮವನ್ನು ಬಿಡಿಯಾಗಿ ಅಳೆಯುವುದು ಯಾವ ಉಪಕರಣದಿಂದಲೂ ಸಾಧ್ಯವಾಗಿಲ್ಲ. ನೆರೆಯ ಈ ಗೆಲಾಕ್ಸಿಯಲ್ಲಿ ಅದು ಸಾಧ್ಯ. ಕಚ್ಚಾವಸ್ತು ಕಡಿಮೆ ಇರುವ ಕಡೆ ನೀರು ಮತ್ತು ಇಂಗಾಲದ ಅಣುಗಳು ಎಷ್ಟರಮಟ್ಟಿಗೆ ಸಿದ್ಧವಾಗುತ್ತವೆ ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಹುಡುಕಬಹುದಾಗಿದೆ.

3. ನಕ್ಷತ್ರದ ಬಳಿ ಹಿಮ ಇರುವುದು ಹೇಗೆ?

ನಕ್ಷತ್ರವೆಂದರೆ ಬೆಂಕಿಯ ಉಂಡೆ, ಅದರ ಸುತ್ತ ಹಿಮ ಇರುವುದೆಂತು ಎಂಬ ಸಂದೇಹ ಸಹಜವಾದದ್ದು. ನಕ್ಷತ್ರವು ಹುಟ್ಟುವುದು ಅನಿಲ ಮತ್ತು ಧೂಳು ತುಂಬಿದ, ಬೆಳಕು ಒಳಹೋಗದ ದಟ್ಟ ಮೋಡದಲ್ಲಿ. ಅಲ್ಲಿನ ಉಷ್ಣಾಂಶ ಮೈನಸ್ 263ರಿಂದ ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಧೂಳಿನ ಒಂದೊಂದು ಕಣವೂ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ಚಿಕ್ಕದು. ಅನಿಲದಲ್ಲಿ ಅಲೆಯುವ ಜಲಜನಕ, ಆಮ್ಲಜನಕ, ಇಂಗಾಲದ ಮಾನಾಕ್ಸೈಡ್ ಮುಂತಾದವು ಈ ಶೀತಲ ಕಣಗಳಿಗೆ ತಗುಲಿ ಅಂಟಿಕೊಳ್ಳುತ್ತವೆ.

ಅಂಟಿಕೊಂಡ ಪರಮಾಣುಗಳು ಕಣದ ಮೇಲ್ಮೈಯಲ್ಲಿ ಒಂದನ್ನೊಂದು ಸಂಧಿಸಿ ಹೊಸ ಅಣುಗಳಾಗುತ್ತವೆ. ಆಮ್ಲಜನಕಕ್ಕೆ ಜಲಜನಕ ಸೇರಿದರೆ ನೀರು. ಇಂಗಾಲದ ಮಾನಾಕ್ಸೈಡ್‌ಗೆ ನೀರಿನ ಒಂದು ತುಣುಕಾದ ಹೈಡ್ರಾಕ್ಸಿಲ್ ಸೇರಿದರೆ ಇಂಗಾಲದ ಡೈಆಕ್ಸೈಡ್. ಅದೇ ಮಾನಾಕ್ಸೈಡ್‌ಗೆ ಜಲಜನಕವು ಒಂದರ ಮೇಲೊಂದರಂತೆ ನಾಲ್ಕು ಬಾರಿ ಸೇರಿದರೆ ಮೆಥನಾಲ್. ಇವೆಲ್ಲವೂ ಕಣದ ಮೇಲೆ ಪದರಗಳಾಗಿ ಹೆಪ್ಪುಗಟ್ಟುತ್ತವೆ. ಆದ್ದರಿಂದ ಖಗೋಳ ವಿಜ್ಞಾನದಲ್ಲಿ ಹಿಮ ಎಂಬ ಪದವು ನೀರಿನ ಗಡ್ಡೆಗೆ ಮಾತ್ರ ಸೀಮಿತವಾಗಿರದೆ, ಹೆಪ್ಪುಗಟ್ಟಿದ ಈ ಎಲ್ಲ ಪದಾರ್ಥಗಳಿಗೂ ಅನ್ವಯವಾಗುತ್ತದೆ.

ಮೋಡದ ನಡುವೆ ನಕ್ಷತ್ರವು ಕಾವೇರಲು ತೊಡಗಿದಾಗ ಅದರ ಸಮೀಪದ ಹಿಮ ಆವಿಯಾಗುತ್ತದೆ. ದೂರದ ಹೊದಿಕೆಯಲ್ಲಿರುವ ಹಿಮವು ಇನ್ನೂ ಉಳಿದಿರುತ್ತದೆ. ಮುಂದೆ ಗ್ರಹಗಳು ಮತ್ತು ಧೂಮಕೇತುಗಳು ರೂಪುಗೊಳ್ಳುವಾಗ ಈ ಪದಾರ್ಥದ ಒಂದು ಪಾಲು ಅವುಗಳಲ್ಲಿ ಸೇರಬಹುದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ ನೌಕೆಯು 2014ರಿಂದ 2016ರವರೆಗೆ 67ಪಿ ಎಂಬ ಧೂಮಕೇತುವಿನ ಸಮೀಪವಿದ್ದು ಪರಿಶೀಲಿಸಿದಾಗ, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರವಲ್ಲದೆ, ಪ್ರೋಟೀನಿನ ಘಟಕವಾದ ಗ್ಲೈಸಿನ್ ಕೂಡ ಕಂಡುಬಂದಿರುತ್ತದೆ. ಎಳೆಯ ನಕ್ಷತ್ರದ ಸುತ್ತಲಿನ ಹಿಮವನ್ನು ಮುಂಬರುವ ಗ್ರಹಗಳ ಕಚ್ಚಾವಸ್ತುವಿನ ದಾಸ್ತಾನು ಎಂದು ಪರಿಗಣಿಸುವುದು ಈ ಕಾರಣಕ್ಕಾಗಿ.

4. ಅವಕೆಂಪು ಕಿರಣಗಳ ಮೂಲಕ ಅಳತೆ ಮಾಡುವ ವಿಧಾನ

ಕಣ್ಣಿಗೆ ಕಾಣುವ ಕೆಂಪು ಬಣ್ಣದ ಆಚೆಗಿರುವ ಕಿರಣಗಳನ್ನು ವಿಲಿಯಂ ಹರ್ಷೆಲ್ ಅವರು 1800ರಲ್ಲಿ ಕಂಡುಹಿಡಿದರು. ಇವುಗಳೇ ಅವಕೆಂಪು ಕಿರಣಗಳು. ಬೆಚ್ಚಗಿರುವ ಯಾವುದೇ ವಸ್ತು ಈ ಕಿರಣಗಳನ್ನು ಸೂಸುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಧೂಳು ತಡೆದರೂ, ಅವಕೆಂಪು ಕಿರಣಗಳು ಬಹುಮಟ್ಟಿಗೆ ಧೂಳನ್ನು ದಾಟಿ ಹೊರಬರುತ್ತವೆ.

ಎಳೆಯ ನಕ್ಷತ್ರ ಮತ್ತು ಅದರ ಬಳಿಯ ಬಿಸಿ ಧೂಳು ಇಲ್ಲಿ ದೀಪದಂತೆ ವರ್ತಿಸುತ್ತವೆ. ಆ ದೀಪದ ಬೆಳಕು ಹೊರಗಿನ ತಂಪಾದ ಹೊದಿಕೆಯನ್ನು ದಾಟಿ ಬರುವಾಗ, ಪ್ರತಿಯೊಂದು ಬಗೆಯ ಹಿಮವೂ ತನಗೆ ನಿಗದಿಯಾದ ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತದೆ. ರೋಹಿತದಲ್ಲಿ ಆ ಸ್ಥಾನದಲ್ಲಿ ತಗ್ಗು ಕಾಣಿಸುತ್ತದೆ. ಮುಖ್ಯವಾದ ಸ್ಥಾನಗಳು ಹೀಗಿವೆ.

ಅ) ನೀರು: ಸುಮಾರು 3.05 ಮೈಕ್ರಾನ್
ಆ) ಇಂಗಾಲದ ಡೈಆಕ್ಸೈಡ್: 4.27 ಮತ್ತು 15.2 ಮೈಕ್ರಾನ್
ಇ) ಇಂಗಾಲದ ಮಾನಾಕ್ಸೈಡ್: 4.67 ಮೈಕ್ರಾನ್
ಈ) ಮೆಥನಾಲ್: 3.53 ಮೈಕ್ರಾನ್

(ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.) ತಗ್ಗು ಆಳವಾಗಿದ್ದಷ್ಟೂ ಆ ದಾರಿಯಲ್ಲಿರುವ ಹಿಮದ ಪ್ರಮಾಣ ಹೆಚ್ಚು. ತಗ್ಗಿನ ಸ್ಥಾನ ಮತ್ತು ಆಕಾರವನ್ನು ಪ್ರಯೋಗಾಲಯಗಳಲ್ಲಿ ತಯಾರಿಸಿದ ಹಿಮದ ರೋಹಿತದೊಡನೆ ಹೋಲಿಸಿ ಪದಾರ್ಥವನ್ನು ಖಚಿತಪಡಿಸಿಕೊಳ್ಳಲಾಗುತ್ತದೆ.

ಭೂಮಿಯ ವಾಯುಮಂಡಲದಲ್ಲಿಯೂ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದರಿಂದ, ನೆಲದ ಮೇಲಿನ ದೂರದರ್ಶಕಗಳಿಗೆ ಕೆಲವು ತರಂಗಾಂತರಗಳು ತಲುಪುವುದೇ ಇಲ್ಲ. ಅಲ್ಲದೆ ಬೆಚ್ಚಗಿರುವ ದೂರದರ್ಶಕವು ತಾನೇ ಅವಕೆಂಪು ಕಿರಣಗಳನ್ನು ಸೂಸುತ್ತದೆ. ಆದ್ದರಿಂದ ಈ ಕಾರ್ಯಕ್ಕೆ ಬಾಹ್ಯಾಕಾಶದಲ್ಲಿರುವ, ಅತಿಯಾಗಿ ತಂಪುಗೊಳಿಸಿದ ಉಪಕರಣಗಳೇ ಬೇಕಾಗುತ್ತವೆ.

5. 2005ರಿಂದ 2016ರವರೆಗೆ ಕೈಗೊಂಡ ಅಧ್ಯಯನಗಳು

ಕ್ಷೀರಪಥದೊಳಗೆ ಒರಾಯನ್ ಪ್ರದೇಶದ ಎಳೆಯ ನಕ್ಷತ್ರವೊಂದರ ಮುಂದೆ ನೀರಿನ ಹಿಮ ಇರುವುದು 1973ರಲ್ಲಿಯೇ ತಿಳಿದುಬಂದಿತ್ತು. ದೊಡ್ಡ ಮೆಗೆಲ್ಲಾನಿಕ್ ಮೋಡದಲ್ಲಿ ಇದೇ ಕಾರ್ಯವನ್ನು ಮಾಡಲು ಇನ್ನೂ ಮೂರು ದಶಕಗಳು ಬೇಕಾದವು. ಅಲ್ಲಿನ ಮುಖ್ಯ ಹಂತಗಳು ಹೀಗಿವೆ.

ಅ) ನಾಸಾ ಸಂಸ್ಥೆಯ ಸ್ಪಿಟ್ಜರ್ ದೂರದರ್ಶಕವು 25ನೇ ಆಗಸ್ಟ್ 2003ರಂದು ಉಡಾವಣೆಗೊಂಡಿತು. ಅದರ ರೋಹಿತದರ್ಶಕ ಮತ್ತು ಚಿಲಿ ದೇಶದಲ್ಲಿರುವ ದೊಡ್ಡ ದೂರದರ್ಶಕ ಇವೆರಡರ ಅಳತೆಗಳನ್ನು ಸೇರಿಸಿ, ಯಾಕೊ ವಾನ್ ಲೂನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಈ ಗೆಲಾಕ್ಸಿಯ ಒಂದು ಎಳೆಯ ನಕ್ಷತ್ರದ ಸುತ್ತ ಹಿಮವಿರುವುದನ್ನು ವರದಿ ಮಾಡಿದರು.

ಆ) 2005ರಲ್ಲಿಯೇ ಮಾರ್ಗರೆಟ್ ಮೀಕ್ಸ್ನರ್ ಅವರ ನೇತೃತ್ವದಲ್ಲಿ ಸ್ಪಿಟ್ಜರ್ ಮೂಲಕ ಇಡೀ ಗೆಲಾಕ್ಸಿಯ ಸಮೀಕ್ಷೆ ನಡೆಯಿತು. ಅದಕ್ಕೂ ಮೊದಲು ಅಲ್ಲಿ ಬೆರಳೆಣಿಕೆಯಷ್ಟು ಎಳೆಯ ನಕ್ಷತ್ರಗಳ ಪರಿಚಯ ಮಾತ್ರ ಇತ್ತು. ಸಮೀಕ್ಷೆಯ ನಂತರ ಸುಮಾರು ಒಂದು ಸಾವಿರ ಸಂಭಾವ್ಯ ಎಳೆಯ ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. ಅವುಗಳ ಪೈಕಿ ಎರಡು ನೂರಕ್ಕೂ ಹೆಚ್ಚಿನವುಗಳ ರೋಹಿತವನ್ನು ಮುಂದೆ ಪರಿಶೀಲಿಸಲಾಯಿತು.

ಇ) ಜಪಾನ್ ದೇಶದ ಅಕಾರಿ ಉಪಗ್ರಹವು 2006ರ ಫೆಬ್ರವರಿಯಲ್ಲಿ ಉಡಾವಣೆಗೊಂಡಿತು. ತಕಾಶಿ ಶಿಮೊನಿಶಿ ಮತ್ತು ಸಹೋದ್ಯೋಗಿಗಳು ಅದರ ನೆರವಿನಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹಿಮಗಳನ್ನು ಒಂದೇ ರೋಹಿತದಲ್ಲಿ ಅಳೆದು 2008 ಹಾಗೂ 2010ರಲ್ಲಿ ಫಲಿತಾಂಶ ಪ್ರಕಟಿಸಿದರು.

ಈ) 2011 ಮತ್ತು 2013ರಲ್ಲಿ ಜೋನಾ ಒಲಿವೇರಾ ಮತ್ತು ಸಹೋದ್ಯೋಗಿಗಳು ಸಣ್ಣ ಮೆಗೆಲ್ಲಾನಿಕ್ ಮೋಡವನ್ನೂ ಸೇರಿಸಿಕೊಂಡು ತುಲನಾತ್ಮಕ ಅಧ್ಯಯನ ನಡೆಸಿದರು.

ಉ) 2016ರಲ್ಲಿ ಶಿಮೊನಿಶಿ ಅವರ ತಂಡವು ಚಿಲಿಯಲ್ಲಿರುವ 8.2 ಮೀಟರ್ ವ್ಯಾಸದ ದೂರದರ್ಶಕದಿಂದ ಮೆಥನಾಲ್ ಹಿಮವನ್ನು ಪರಿಶೀಲಿಸಿ, ಅದು ಕ್ಷೀರಪಥಕ್ಕಿಂತ ಕಡಿಮೆ ಇರುವುದಾಗಿ ವರದಿ ಮಾಡಿತು.

ಅಕಾರಿ ಮತ್ತು ಸ್ಪಿಟ್ಜರ್ ಎರಡೂ ದ್ರವ ಹೀಲಿಯಂನಿಂದ ತಂಪಾಗುತ್ತಿದ್ದ ಉಪಕರಣಗಳು. ಅಕಾರಿಯ ಹೀಲಿಯಂ 2007ರ ಆಗಸ್ಟ್‌ನಲ್ಲಿ, ಸ್ಪಿಟ್ಜರ್‌ನ ಹೀಲಿಯಂ 2009ರ ಮೇ ತಿಂಗಳಿನಲ್ಲಿ ಮುಗಿದುಹೋಯಿತು. ಆ ಬಳಿಕ ಅವು ಸೀಮಿತ ಸಾಮರ್ಥ್ಯದಲ್ಲಿ ಕಾರ್ಯನಿರ್ವಹಿಸಿ, ಕ್ರಮವಾಗಿ 2011 ಹಾಗೂ 2020ರಲ್ಲಿ ಸೇವೆಯನ್ನು ಕೊನೆಗೊಳಿಸಿದವು.

6. ಅನುಪಾತದ ಪ್ರಶ್ನೆ

ಈ ಎಲ್ಲ ಅಧ್ಯಯನಗಳ ನಡುವೆ ಹೆಚ್ಚು ಚರ್ಚೆಗೆ ಒಳಗಾದದ್ದು ಒಂದು ಅನುಪಾತ. ನೀರಿನ ಹಿಮಕ್ಕೆ ಹೋಲಿಸಿದರೆ ಇಂಗಾಲದ ಡೈಆಕ್ಸೈಡ್ ಹಿಮ ಎಷ್ಟಿದೆ ಎಂಬುದೇ ಆ ಅನುಪಾತ. ಕ್ಷೀರಪಥದ ಭಾರೀ ಎಳೆಯ ನಕ್ಷತ್ರಗಳಲ್ಲಿ ಇದು ಸುಮಾರು 0.17. ಅಂದರೆ ನೀರಿನ 100 ಅಣುಗಳಿಗೆ ಡೈಆಕ್ಸೈಡ್‌ನ 17 ಅಣುಗಳು. ದೊಡ್ಡ ಮೆಗೆಲ್ಲಾನಿಕ್ ಮೋಡದಲ್ಲಿ 2008ರ ಅಳತೆಯ ಪ್ರಕಾರ ಇದು ಸುಮಾರು 0.45 ಎಂದಿತ್ತು. 2010ರ ಅಧ್ಯಯನದಲ್ಲಿ ಅದು ಸುಮಾರು 0.36ಕ್ಕೆ ಪರಿಷ್ಕರಣೆಗೊಂಡಿತು. ಪರಿಷ್ಕರಣೆಯ ನಂತರವೂ ಇದು ಕ್ಷೀರಪಥದ ಸುಮಾರು ಎರಡರಷ್ಟಿದೆ.

ಮೇಲ್ನೋಟಕ್ಕೆ ಇದರ ಅರ್ಥ, ಆ ಗೆಲಾಕ್ಸಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು ತಯಾರಾಗುತ್ತಿದೆ ಎಂಬುದು. ಆದರೆ ಲೆಕ್ಕಪತ್ರಗಳ ಪರಿಚಯವಿರುವ ಯಾರಿಗಾದರೂ ತಿಳಿದಿರುವಂತೆ, ಅನುಪಾತವು ಏರಲು ಎರಡು ದಾರಿಗಳಿವೆ. ಮೇಲಿನ ಅಂಕಿ ಹೆಚ್ಚಾಗಬಹುದು, ಇಲ್ಲವೇ ಕೆಳಗಿನ ಅಂಕಿ ಕಡಿಮೆಯಾಗಬಹುದು. ಡೈಆಕ್ಸೈಡ್ 17 ಇದ್ದದ್ದು 36ಕ್ಕೆ ಏರಿ ನೀರು 100 ಆಗಿಯೇ ಉಳಿದರೆ ಅನುಪಾತ 0.36 ಆಗುತ್ತದೆ. ಡೈಆಕ್ಸೈಡ್ 17 ಆಗಿಯೇ ಉಳಿದು ನೀರು ಮಾತ್ರ 100ರಿಂದ 47ಕ್ಕೆ ಇಳಿದರೂ ಅನುಪಾತ ಅದೇ 0.36 ಆಗುತ್ತದೆ. ಮೊದಲನೆಯದು ಇಂಗಾಲದ ಉತ್ಪಾದನೆ ಹೆಚ್ಚಿರುವ ಪರಿಸ್ಥಿತಿ. ಎರಡನೆಯದು ನೀರಿನ ಕೊರತೆಯ ಪರಿಸ್ಥಿತಿ. ಗ್ರಹಗಳ ಕಚ್ಚಾವಸ್ತುವಿನ ದೃಷ್ಟಿಯಿಂದ ಇವೆರಡಕ್ಕೂ ಇರುವ ಅಂತರ ಬಹಳ ದೊಡ್ಡದು. ಆದರೂ ಕೈಗೆ ಬಂದಿರುವ ಅಂಕಿ ಒಂದೇ ಆಗಿರುತ್ತದೆ.

ಈ ಬಗ್ಗೆ ಮಂಡಿಸಲಾಗಿರುವ ಎರಡು ವಿವರಣೆಗಳ ಸಾರಾಂಶ ಹೀಗಿದೆ.

ಮೊದಲನೆಯ ವಿವರಣೆ: ಧೂಳು ಕಡಿಮೆ ಇದ್ದು ನಕ್ಷತ್ರಗಳ ಕಿರಣಗಳು ಒಳಹೊಗುವುದರಿಂದ, ಅಲ್ಲಿನ ಧೂಳಿನ ಕಣಗಳು ಕ್ಷೀರಪಥದ ಕಣಗಳಿಗಿಂತ ಸ್ವಲ್ಪ ಬೆಚ್ಚಗಿರುತ್ತವೆ. ಕೆಲವೇ ಡಿಗ್ರಿಗಳ ಈ ವ್ಯತ್ಯಾಸದಿಂದ, ಅತಿ ಹಗುರವಾದ ಜಲಜನಕದ ಪರಮಾಣುಗಳು ಕಣದ ಮೇಲೆ ನಿಲ್ಲದೆ ಹಾರಿಹೋಗುತ್ತವೆ. ಜಲಜನಕ ಸಿಗದೆ ಇಂಗಾಲದ ಮಾನಾಕ್ಸೈಡ್ ಮೆಥನಾಲ್ ಆಗುವುದಿಲ್ಲ. ಅದೇ ಸಮಯದಲ್ಲಿ ಮಾನಾಕ್ಸೈಡ್ ಅಣುಗಳು ಕಣದ ಮೇಲೆ ಹೆಚ್ಚು ಚಲಿಸಿ ಹೈಡ್ರಾಕ್ಸಿಲ್‌ನೊಂದಿಗೆ ಕೂಡಿ ಡೈಆಕ್ಸೈಡ್ ಆಗುತ್ತವೆ. ಡೈಆಕ್ಸೈಡ್ ಹೆಚ್ಚಿರುವುದು ಹಾಗೂ ಮೆಥನಾಲ್ ಕಡಿಮೆ ಇರುವುದು ಎರಡನ್ನೂ ಈ ವಿವರಣೆಯು ಒಟ್ಟಿಗೆ ಹೇಳಬಲ್ಲದು. ಶಿಮೊನಿಶಿ ಅವರ ತಂಡವು 2016ರಲ್ಲಿ ಇದನ್ನು ಮಂಡಿಸಿರುತ್ತದೆ.

ಎರಡನೆಯ ವಿವರಣೆ: ಒಲಿವೇರಾ ಅವರ ತಂಡವು ನೀರನ್ನು ಬದಿಗಿಟ್ಟು, ಮಾನಾಕ್ಸೈಡ್ ಮತ್ತು ಡೈಆಕ್ಸೈಡ್ ಹಿಮಗಳನ್ನು ಪರಸ್ಪರ ಹೋಲಿಸಿ ನೋಡಿತು. ಆ ಹೋಲಿಕೆಯ ಆಧಾರದ ಮೇಲೆ, ಡೈಆಕ್ಸೈಡ್ ಹೆಚ್ಚಿರುವುದಕ್ಕಿಂತ ನೀರೇ ಕಡಿಮೆ ಇದೆ ಎಂಬ ತೀರ್ಮಾನಕ್ಕೆ ಬಂದಿತು. ಅಲ್ಲಿ ಆಮ್ಲಜನಕವೇ ಕಡಿಮೆ. ಜೊತೆಗೆ ಅತಿನೇರಳೆ ಕಿರಣಗಳ ಹೊಡೆತದಿಂದ ಹೊದಿಕೆಯ ಹೊರಭಾಗದಲ್ಲಿ ನೀರಿನ ಹಿಮ ಕಟ್ಟಲು ಅವಕಾಶವಾಗುವುದಿಲ್ಲ ಎಂಬುದು ಇದರ ಆಧಾರ.

ಎರಡೂ ವಿವರಣೆಗಳು ಒಂದೇ ಮೂಲ ಕಾರಣದತ್ತ ಬೆರಳು ಮಾಡುತ್ತವೆ: ಧೂಳು ಕಡಿಮೆಯಾದಾಗ ಹಿಮಕ್ಕೆ ದೊರೆಯುವ ಆಶ್ರಯವೂ ಕಡಿಮೆಯಾಗುತ್ತದೆ. ಆದರೆ ಪರಿಣಾಮದ ವಿಷಯದಲ್ಲಿ ಅವು ಬೇರೆಯಾಗುತ್ತವೆ. ಇವೆರಡೂ ಏಕಕಾಲಕ್ಕೆ, ಹೊದಿಕೆಯ ಬೇರೆ ಬೇರೆ ಭಾಗಗಳಲ್ಲಿ, ನಿಜವಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಮೊದಲನೆಯ ವಿವರಣೆಯಿಂದ ಒಂದು ಮುಖ್ಯವಾದ ಆತಂಕವೂ ಹುಟ್ಟಿತು. ದೊಡ್ಡ ಇಂಗಾಲದ ಅಣುಗಳು ತಯಾರಾಗಲು ಮೆಥನಾಲ್ ಒಂದು ಮುಖ್ಯ ಮೆಟ್ಟಿಲು ಎಂದು ತಿಳಿಯಲಾಗಿದೆ. ಮೆಥನಾಲ್ ಕಡಿಮೆಯಾದ ಕಡೆ ಮುಂದಿನ ಅಣುಗಳೂ ಕಡಿಮೆಯಾಗಬೇಕು. ಹಾಗಾದರೆ ಭಾರ ಧಾತುಗಳು ಕಡಿಮೆಯಿದ್ದ ಪ್ರಾಚೀನ ವಿಶ್ವದಲ್ಲಿ ಇಂತಹ ಅಣುಗಳ ತಯಾರಿಕೆ ನಡೆದೇ ಇರಲಿಲ್ಲವೇ ಎಂಬ ಪ್ರಶ್ನೆ ಎದುರಾಯಿತು. 2018ರಲ್ಲಿ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಗಳ ಮೂಲಕ, ಇದೇ ಗೆಲಾಕ್ಸಿಯ ಎನ್113 ಎಂಬ ಪ್ರದೇಶದಲ್ಲಿ ಮೀಥೈಲ್ ಫಾರ್ಮೇಟ್ ಮತ್ತು ಡೈಮೀಥೈಲ್ ಈಥರ್ ಅಣುಗಳು ಅನಿಲ ರೂಪದಲ್ಲಿ ಪತ್ತೆಯಾದವು. ಆದರೆ ಅವು ಹಿಮದಲ್ಲಿ ತಯಾರಾಗಿ ಆವಿಯಾದವೋ, ಅನಿಲದಲ್ಲಿಯೇ ತಯಾರಾದವೋ ಎಂಬುದನ್ನು ನಿರ್ಧರಿಸಲು ಹಿಮವನ್ನೇ ನೋಡಬೇಕಾಗಿತ್ತು.

7. 2025ರ ಫಲಿತಾಂಶ

ಜೇಮ್ಸ್ ವೆಬ್ ದೂರದರ್ಶಕವು 25ನೇ ಡಿಸೆಂಬರ್ 2021ರಂದು ಉಡಾವಣೆಗೊಂಡಿದ್ದು, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕಾರ್ಯನಿರ್ವಹಿಸುತ್ತಿದೆ. ಇದರ ಕನ್ನಡಿಯ ವ್ಯಾಸ 6.5 ಮೀಟರ್. ಸ್ಪಿಟ್ಜರ್‌ನ ಕನ್ನಡಿ 0.85 ಮೀಟರ್ ಮಾತ್ರ ಇತ್ತು. ಬೆಳಕನ್ನು ಸಂಗ್ರಹಿಸುವ ವಿಸ್ತೀರ್ಣದಲ್ಲಿ ಇದು 40 ಪಟ್ಟಿಗೂ ಹೆಚ್ಚು. ಇದರ ಮಧ್ಯ ಅವಕೆಂಪು ಉಪಕರಣವನ್ನು ಮೈನಸ್ 266 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿ ಇರಿಸಲಾಗುತ್ತದೆ. ಹೀಲಿಯಂ ಅನಿಲವು ಮುಚ್ಚಿದ ಕೊಳವೆಗಳಲ್ಲಿಯೇ ಮತ್ತೆ ಮತ್ತೆ ಸುತ್ತುವ ಯಂತ್ರ ವ್ಯವಸ್ಥೆ ಇದಾಗಿರುವುದರಿಂದ, ಹಿಂದಿನ ಉಪಕರಣಗಳಂತೆ ಹೀಲಿಯಂ ಆವಿಯಾಗಿ ಮುಗಿದುಹೋಗುವ ತೊಂದರೆ ಇಲ್ಲಿ ಇರುವುದಿಲ್ಲ.

ಈ ಉಪಕರಣದಿಂದ ಎಸ್‌ಟಿ6 ಎಂಬ ಸಂಕೇತದ ಎಳೆಯ ನಕ್ಷತ್ರವನ್ನು ಪರಿಶೀಲಿಸಲಾಯಿತು. ಅದರ ಹಿಮದಲ್ಲಿ ಗುರುತಿಸಲಾದ ಸಂಕೀರ್ಣ ಅಣುಗಳು ಹೀಗಿವೆ.

ಅ) ಮೆಥನಾಲ್
ಆ) ಎಥನಾಲ್, ಅಂದರೆ ಸಾಮಾನ್ಯ ಮದ್ಯಸಾರ
ಇ) ಅಸಿಟಾಲ್ಡಿಹೈಡ್
ಈ) ಮೀಥೈಲ್ ಫಾರ್ಮೇಟ್
ಉ) ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ಗೆ ಹುಳಿಯನ್ನು ಕೊಡುವ ಪದಾರ್ಥ

ಇವುಗಳ ಪೈಕಿ ಮೆಥನಾಲ್ ಹಿಮವು ಈ ಗೆಲಾಕ್ಸಿಯಲ್ಲಿ ಮೊದಲೇ ತಿಳಿದಿತ್ತು. ಎಥನಾಲ್, ಅಸಿಟಾಲ್ಡಿಹೈಡ್ ಮತ್ತು ಮೀಥೈಲ್ ಫಾರ್ಮೇಟ್ ಹಿಮಗಳು ಕ್ಷೀರಪಥದ ಹೊರಗೆ ಪತ್ತೆಯಾದದ್ದು ಇದೇ ಮೊದಲು. ಅಸಿಟಿಕ್ ಆಮ್ಲವು ಬಾಹ್ಯಾಕಾಶದ ಹಿಮದಲ್ಲಿ ಖಚಿತವಾಗಿ ಗುರುತಿಸಲ್ಪಟ್ಟದ್ದೂ ಇದೇ ಮೊದಲು. ಸಕ್ಕರೆಗೆ ಸಂಬಂಧಿಸಿದ ಗ್ಲೈಕೊಲಾಲ್ಡಿಹೈಡ್ ಎಂಬ ಅಣುವಿನ ಲಕ್ಷಣಗಳನ್ನು ಹೋಲುವ ಗುರುತುಗಳು ಸಹ ಕಂಡಿದ್ದು, ಅದನ್ನು ಖಚಿತಪಡಿಸಲು ಹೆಚ್ಚಿನ ಪರಿಶೀಲನೆ ಅಗತ್ಯವೆಂದು ತಂಡವು ತಿಳಿಸಿರುತ್ತದೆ.

ಈ ಫಲಿತಾಂಶದ ಮಹತ್ವವೇನೆಂದರೆ, ಭಾರ ಧಾತುಗಳು ಕಡಿಮೆಯಿದ್ದು ಅತಿನೇರಳೆ ಕಿರಣಗಳು ಪ್ರಬಲವಾಗಿರುವ ಕಡೆಯಲ್ಲಿಯೂ, ಧೂಳಿನ ಕಣಗಳ ಮೇಲೆ ಸಂಕೀರ್ಣ ಅಣುಗಳ ತಯಾರಿಕೆ ಸಂಪೂರ್ಣವಾಗಿ ನಿಂತುಹೋಗುವುದಿಲ್ಲ ಎಂಬುದಕ್ಕೆ ನೇರ ಸಾಕ್ಷ್ಯ ದೊರೆತಂತಾಗಿದೆ. "ಸಾಧ್ಯವೇ?" ಎಂಬ ಪ್ರಶ್ನೆಗೆ ಒಂದು ಉದಾಹರಣೆಯೂ ಸಾಕು. ಆ ಉದಾಹರಣೆ ಈಗ ಸಿಕ್ಕಿದೆ.

8. ಮಿತಿಗಳು

ಆದಾಗ್ಯೂ, ಈ ಫಲಿತಾಂಶವನ್ನು ಓದುವಾಗ ಕೆಳಕಂಡ ಅಂಶಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಅ) ಇದು ಒಂದೇ ನಕ್ಷತ್ರದ ವಿವರ. "ಸಾಧ್ಯವೇ" ಎಂಬುದಕ್ಕೆ ಒಂದು ಉದಾಹರಣೆ ಸಾಕಾದರೂ, "ಸಾಮಾನ್ಯವೇ" ಎಂಬುದಕ್ಕೆ ಸಾಲದು. ಅನುಪಾತದ ಅಂಕಿ 0.45ರಿಂದ 0.36ಕ್ಕೆ ಬಂದದ್ದನ್ನು ಮೇಲೆ ಗಮನಿಸಲಾಗಿದೆ. ಅಳತೆಗೆ ಒಳಪಟ್ಟ ನಕ್ಷತ್ರಗಳು ಹೆಚ್ಚಿದಂತೆ ಸರಾಸರಿ ಬದಲಾಗುವುದು ಸಹಜ.

ಆ) ಹಿಮವನ್ನು ನೋಡಲು ಹಿಂದೆ ಪ್ರಖರವಾದ ದೀಪ ಬೇಕು. ಆದ್ದರಿಂದ ಈ ದೂರದಲ್ಲಿ ಇದುವರೆಗೆ ಮುಖ್ಯವಾಗಿ ಪರಿಶೀಲನೆಗೆ ಸಿಕ್ಕಿರುವುದು ಸೂರ್ಯನಿಗಿಂತ ಬಹಳ ಭಾರವಾದ, ಬಹಳ ಪ್ರಕಾಶಮಾನವಾದ ಎಳೆಯ ನಕ್ಷತ್ರಗಳು. ಇಂತಹ ನಕ್ಷತ್ರಗಳ ಆಯಸ್ಸು ಕಡಿಮೆ. ಸೂರ್ಯನಂತಹ ಸಾಧಾರಣ ನಕ್ಷತ್ರಗಳ ಸುತ್ತಲಿನ ಹಿಮವೂ ಹೀಗೆಯೇ ಇದೆ ಎಂದು ನೇರವಾಗಿ ಹೇಳಲಾಗದು.

ಇ) ಆ ದೂರದಲ್ಲಿ ಒಂದು ಆರ್ಕ್ ಸೆಕೆಂಡ್‌ನಷ್ಟು ಚಿಕ್ಕ ಕೋನವೂ, ಭೂಮಿ ಮತ್ತು ಸೂರ್ಯನ ನಡುವಿನ ಅಂತರದ ಸುಮಾರು 50,000 ಪಟ್ಟು ವಿಸ್ತಾರಕ್ಕೆ ಸಮ. ಆದ್ದರಿಂದ ಅಳತೆಯಲ್ಲಿ ಬಿಸಿಯಾದ ಒಳಭಾಗ ಮತ್ತು ತಂಪಾದ ಹೊರಭಾಗ ಎರಡೂ ಬೆರೆತು ಬರುತ್ತವೆ.

ಈ) ದೊಡ್ಡ ಅಣುಗಳ ತಗ್ಗುಗಳು ರೋಹಿತದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅವುಗಳನ್ನು ಬೇರ್ಪಡಿಸುವುದು ಪ್ರಯೋಗಾಲಯದ ಮಾದರಿಗಳ ಗುಣಮಟ್ಟವನ್ನು ಅವಲಂಬಿಸಿರುತ್ತದೆ.

9. ಕರ್ನಾಟಕದಿಂದ ನೋಡಿದಾಗ

ದೊಡ್ಡ ಮೆಗೆಲ್ಲಾನಿಕ್ ಮೋಡವು ಆಕಾಶದ ದಕ್ಷಿಣ ಧ್ರುವಕ್ಕೆ ಸಮೀಪದಲ್ಲಿದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ದಕ್ಷಿಣ ದಿಗಂತದಿಂದ ಸುಮಾರು 7 ಡಿಗ್ರಿಗಳಷ್ಟು ಮಾತ್ರ ಮೇಲೇರುತ್ತದೆ. ಡಿಸೆಂಬರ್ ಮಧ್ಯಭಾಗದಲ್ಲಿ ಮಧ್ಯರಾತ್ರಿಯ ವೇಳೆಗೆ ಅದು ತನ್ನ ಗರಿಷ್ಠ ಎತ್ತರದಲ್ಲಿರುತ್ತದೆ. ಅಗಸ್ತ್ಯ ನಕ್ಷತ್ರಕ್ಕಿಂತಲೂ ಸಾಕಷ್ಟು ಕೆಳಗೆ, ದಿಗಂತದ ಮಬ್ಬಿನಲ್ಲಿ ಇರುವುದರಿಂದ, ನಗರದ ದೀಪಗಳ ನಡುವೆ ಅದು ಕಾಣುವ ಸಂಭವ ಇಲ್ಲವೆನ್ನಬಹುದು.

ಬರಿಗಣ್ಣಿಗೆ ಕಾಣದಿದ್ದರೂ, ಬೆಂಗಳೂರಿಗೂ ಈ ಗೆಲಾಕ್ಸಿಗಳ ಅಧ್ಯಯನಕ್ಕೂ ಸಂಬಂಧವಿದೆ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಮೆಗೆಲ್ಲಾನಿಕ್ ಮೋಡಗಳ ರಚನೆಯನ್ನು ಕುರಿತು ಅನೇಕ ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿರುತ್ತಾರೆ. 28ನೇ ಸೆಪ್ಟೆಂಬರ್ 2015ರಂದು ಉಡಾವಣೆಗೊಂಡ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿನ ಅತಿನೇರಳೆ ದೂರದರ್ಶಕವನ್ನು ರೂಪಿಸುವ ಕಾರ್ಯದಲ್ಲಿಯೂ ಇದೇ ಸಂಸ್ಥೆಯು ಮುಂದಾಳುತ್ವ ವಹಿಸಿತ್ತು. ಹಿಮವನ್ನು ಅವಕೆಂಪು ಕಿರಣಗಳಿಂದ ಅಳೆಯಲಾಗುತ್ತದೆ. ಆದರೆ ಹಿಮವನ್ನು ಒಡೆಯುವುದು ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು. ಆದ್ದರಿಂದ ಎರಡೂ ಬಗೆಯ ಅಧ್ಯಯನಗಳು ಒಂದಕ್ಕೊಂದು ಪೂರಕವಾಗಿರುತ್ತವೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇರೆ ಗೆಲಾಕ್ಸಿಯಲ್ಲಿ ಜೀವಿಗಳು ಪತ್ತೆಯಾಗಿವೆಯೇ?
ಉತ್ತರ: ಇಲ್ಲ. ಪತ್ತೆಯಾಗಿರುವುದು ರಾಸಾಯನಿಕ ಪದಾರ್ಥಗಳು ಮಾತ್ರ. ಇವು ಜೀವಿಗಳ ನೆರವಿಲ್ಲದೆ, ಶೀತಲ ಧೂಳಿನ ಮೇಲೆ ತಾವಾಗಿಯೇ ತಯಾರಾಗುತ್ತವೆ. ಇಟ್ಟಿಗೆ ಮತ್ತು ಮರಳು ಸಂಗ್ರಹವಾಗಿರುವುದನ್ನು ಮನೆ ಪೂರ್ಣಗೊಂಡಿದೆ ಎಂದು ಪರಿಗಣಿಸಲಾಗದು.

ಪ್ರಶ್ನೆ: ಹಾಗಿದ್ದಲ್ಲಿ ಇದರಿಂದ ತಿಳಿಯುವುದೇನು?
ಉತ್ತರ: ನೀರು ಮತ್ತು ಇಂಗಾಲದ ಅಣುಗಳ ತಯಾರಿಕೆಯು ನಮ್ಮ ಕ್ಷೀರಪಥದ ಸೌಲಭ್ಯಗಳಿಗೆ ಮಾತ್ರ ಸೀಮಿತವೇ, ಅಥವಾ ಕಡಿಮೆ ಕಚ್ಚಾವಸ್ತುವಿನಿಂದಲೂ ನಡೆಯಬಲ್ಲುದೇ ಎಂಬುದು ತಿಳಿಯುತ್ತದೆ. ವಿಶ್ವದ ಇತಿಹಾಸದಲ್ಲಿ ಇಂತಹ ತಯಾರಿಕೆ ಎಷ್ಟು ಹಿಂದೆ ಆರಂಭವಾಗಿರಬಹುದು ಎಂಬ ಅಂದಾಜಿಗೆ ಇದು ಆಧಾರ.

ಪ್ರಶ್ನೆ: ಈ ದೂರದರ್ಶಕವನ್ನು ಬಳಸಲು ಯಾರು ಅರ್ಹರು? ಅದರ ಮಾಹಿತಿ ಸಾರ್ವಜನಿಕರಿಗೆ ಲಭ್ಯವಿದೆಯೇ?
ಉತ್ತರ: ಯಾವುದೇ ದೇಶದ ಸಂಶೋಧಕರು ಪ್ರಸ್ತಾವನೆ ಸಲ್ಲಿಸಬಹುದಾಗಿದೆ. ಪ್ರಸ್ತಾವನೆ ಸಲ್ಲಿಸಿದವರ ಹೆಸರು ಪರಿಶೀಲಕರಿಗೆ ತಿಳಿಯದಂತೆ ಆಯ್ಕೆ ನಡೆಯುತ್ತದೆ. ಸಂಗ್ರಹವಾದ ಮಾಹಿತಿಯನ್ನು, ಸಾಮಾನ್ಯವಾಗಿ ಒಂದು ವರ್ಷ ಮೀರದ ಅವಧಿಯ ನಂತರ, ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಡಲಾಗುತ್ತದೆ.

11. ಒಟ್ಟಾರೆ ಅಭಿಪ್ರಾಯ

ಈ ಗೆಲಾಕ್ಸಿಯಲ್ಲಿ ಹಿಮ ಇದೆಯೇ ಎಂಬ ಪ್ರಶ್ನೆಗೆ 2005ರಲ್ಲಿ ಉತ್ತರ ದೊರೆಯಿತು. ಹಿಮದ ಬಗೆಗಳ ನಡುವಿನ ಪ್ರಮಾಣ ನಮ್ಮಲ್ಲಿರುವುದಕ್ಕಿಂತ ಬೇರೆಯೇ ಎಂಬುದಕ್ಕೆ 2008 ಮತ್ತು 2010ರ ಅಳತೆಗಳು ಉತ್ತರ ನೀಡಿದವು. ಸಂಕೀರ್ಣ ಅಣುಗಳು ಆ ಹಿಮದಲ್ಲಿ ಸಿದ್ಧವಾಗಬಲ್ಲವೇ ಎಂಬುದಕ್ಕೆ 2025ರಲ್ಲಿ ಉತ್ತರ ದೊರೆತಿದೆ. ಉಳಿದಿರುವುದು ಮೂಲಭೂತವಾದ ಒಂದು ಪ್ರಶ್ನೆ: ಅಲ್ಲಿ ಡೈಆಕ್ಸೈಡ್ ಹೆಚ್ಚಿದೆಯೋ, ನೀರು ಕಡಿಮೆಯಿದೆಯೋ?

ಈ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಮತ್ತೊಂದು ಅನುಪಾತ ಸಾಲದು. ಹಲವಾರು ನಕ್ಷತ್ರಗಳಲ್ಲಿ ನೀರು, ಡೈಆಕ್ಸೈಡ್, ಮಾನಾಕ್ಸೈಡ್, ಮೆಥನಾಲ್ ಇವುಗಳ ಪ್ರತ್ಯೇಕ ಮೊತ್ತವನ್ನು, ಆಯಾ ಹೊದಿಕೆಯಲ್ಲಿರುವ ಧೂಳಿನ ಪ್ರಮಾಣದೊಡನೆ ಹೋಲಿಸಿ ನೋಡಬೇಕಾಗುತ್ತದೆ. ಅದಕ್ಕೆ ಬೇಕಾದ ಉಪಕರಣ ಈಗ ಲಭ್ಯವಿದೆ. ನೀರಿನ ಕೊರತೆಯೇ ನಿಜವಾದಲ್ಲಿ, ಪ್ರಾಚೀನ ಗೆಲಾಕ್ಸಿಗಳಲ್ಲಿ ರೂಪುಗೊಂಡ ಗ್ರಹಗಳಿಗೆ ಇಂಗಾಲದ ಅಣುಗಳು ದೊರೆತಿದ್ದರೂ ನೀರು ಸಾಕಷ್ಟು ದೊರೆತಿರಲಿಕ್ಕಿಲ್ಲ. ಡೈಆಕ್ಸೈಡ್‌ನ ಹೆಚ್ಚಳವೇ ನಿಜವಾದಲ್ಲಿ, ನೀರಿನ ದಾಸ್ತಾನು ಅಷ್ಟಾಗಿ ಕುಗ್ಗಿರಲಿಕ್ಕಿಲ್ಲ. ಭೂಮಿಗೆ ದೊರೆತ ನೀರು ವಿಶ್ವದಲ್ಲಿ ಸಾಧಾರಣ ಸಂಗತಿಯೋ, ತಡವಾಗಿ ಹುಟ್ಟಿದ ಸೌರಮಂಡಲಕ್ಕೆ ಒದಗಿದ ಅನುಕೂಲವೋ ಎಂಬುದು ಈ ಲೆಕ್ಕದ ಮೇಲೆ ನಿಂತಿದೆ. ಮುಂದೆ ಈ ವಿಷಯದಲ್ಲಿ ಸುದ್ದಿ ಪ್ರಕಟವಾದಾಗ, ಪರಿಶೀಲನೆಗೆ ಒಳಪಟ್ಟ ನಕ್ಷತ್ರಗಳ ಸಂಖ್ಯೆ ಎಷ್ಟು ಮತ್ತು ನೀಡಿರುವ ಅಂಕಿ ಮೊತ್ತವೋ ಅನುಪಾತವೋ ಎಂಬ ಎರಡು ಅಂಶಗಳನ್ನು ಓದುಗರು ಮೊದಲು ಗಮನಿಸುವುದು ಸೂಕ್ತ.